ಮನೆಯ ಪರದೆ ಮನೆಯಲ್ಲೇ ಇರಲಿ: ಹೊಲದ ಕಾವಲಿಗೆ ಪರದೆಸಹಿತ ಜೋಲಿ

ನಮ್ಮ ಗ್ರಾಮಾಂತರ ಪ್ರದೇಶದ ಅನೇಕ ಕುಟುಂಬಗಳಲ್ಲಿ ಸೊಳ್ಳೆ ಪರದೆ ಇರುವುದು ಒಂದೇ. ಬೆಳೆ ಕಾಯಲು, ಇಲ್ಲವೆ ರಾತ್ರಿ ವೇಳೆ ವಿದ್ಯುತ್ ಬರುವ ಕಡೆಗಳಲ್ಲಿ ಪಂಪ್‌ಸೆಟ್ ಚಾಲೂ ಮಾಡಿ ನೀರು ಹಾಯಿಸಲು, ಮನೆಯ ಯಜಮಾನನು ಹೊಲದಲ್ಲಿಯೇ ಮಲಗಬೇಕಾಗುತ್ತದೆ. ಆಗ ಆ ಒಂದು ಪರದೆಯು ಯಾರ ಪಾಲಿಗೆ ಹೋಗಬೇಕು? ಬಯಲಲ್ಲಿ ಮಲಗುವವನಿಗೆ ಸೊಳ್ಳೆಯ ಕಾಟ ಹೆಚ್ಚು ಎಂಬ ಸಹಜ ಕಾಳಜಿಯಿಂದ ಗೃಹಿಣಿಯು ಪರದೆಯನ್ನು ಮಡಿಚಿ ಪತಿಯ ಕೈಗೆ ಕೊಡುತ್ತಾಳೆ. ತಾನು ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಬರಿದೆ ಮಲಗುತ್ತಾಳೆ. ಆಕೆ ಗರ್ಭಿಣಿಯಾಗಿದ್ದರೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ.

ವೈದ್ಯನ ದೃಷ್ಟಿಯಿಂದ ನೋಡಿದರೆ ಇದು ಸರಿಯಾದ ಹಂಚಿಕೆಯಲ್ಲ. ಗರ್ಭಿಣಿಯ ದೇಹದಲ್ಲಿ ಮಲೇರಿಯ ರೋಗವನ್ನು ಎದುರಿಸುವ ಶಕ್ತಿ ಕುಗ್ಗಿರುತ್ತದೆ. ಫಾಲ್ಸಿಪೇರಮ್ ಜಾತಿಯ ಮಲೇರಿಯದಲ್ಲಿ ರೋಗಾಣುಗಳು ಮಾಸಿನಲ್ಲಿಯೇ ಗುಂಪುಗೂಡಿ ನೆಲೆಸಿ, ಮಗುವಿಗೆ ಸೇರಬೇಕಾದ ಪೋಷಣೆಗೆ ಅಡ್ಡಿಯಾಗುತ್ತವೆ. ತಾಯಿಗೆ ರಕ್ತಹೀನತೆ, ಗರ್ಭಪಾತದ ಭಯ, ಹುಟ್ಟುವ ಮಗುವಿಗೆ ಕಡಿಮೆ ತೂಕ, ಇವು ಇದರ ಫಲಗಳು. ಐದು ವರ್ಷದೊಳಗಿನ ಮಕ್ಕಳಿಗೂ ಈ ಜ್ವರವು ಬಹಳ ಬೇಗ ವಿಕೋಪಕ್ಕೆ ಹೋಗಬಲ್ಲುದು. ಆದುದರಿಂದ ಮನೆಯ ಪರದೆಯು ಮನೆಯಲ್ಲಿಯೇ ಇರತಕ್ಕದ್ದು.

ಹಾಗೆಂದು ಯಜಮಾನನು ಸೊಳ್ಳೆಗಳಿಗೆ ಮೈಯೊಡ್ಡಿ ಮಲಗಲಿ ಎಂದು ಅರ್ಥವಲ್ಲ. ಹೊಲದಲ್ಲಿ ಅವನಿಗೆ ಅಂಟಿದ ರೋಗವು ಅವನೊಡನೆ ಮನೆಗೆ ಬರುತ್ತದೆ. ಜ್ವರದಲ್ಲಿ ಮಲಗಿರುವವನನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುಗಳು ಬೆಳೆದು, ಸುಮಾರು 10ರಿಂದ 14 ದಿನಗಳಲ್ಲಿ ಆ ಸೊಳ್ಳೆಯು ಮನೆಯ ಇತರರಿಗೆ ರೋಗವನ್ನು ಹಂಚಲು ಸಿದ್ಧವಾಗುತ್ತದೆ. ಸೊಳ್ಳೆಯಲ್ಲಿ ಮಲೇರಿಯದ ರೋಗಾಣು ಬೆಳೆಯುವುದನ್ನು ರೊನಾಲ್ಡ್ ರಾಸ್ ಅವರು 1897ರಲ್ಲಿ ನಮ್ಮ ನೆರೆಯ ಸಿಕಂದರಾಬಾದಿನಲ್ಲಿಯೇ ಕಂಡುಹಿಡಿದರು. ಈ ರೋಗವು ಈಗ ಬಹಳ ಇಳಿದಿದೆಯೆಂಬುದು ನಿಜ. ಆದರೆ ಹಿಂದೆಯೂ ಹೀಗೆಯೇ ಇಳಿದಿತ್ತು. 1965ರಲ್ಲಿ ಇಡೀ ದೇಶದಲ್ಲಿ ಸುಮಾರು 1 ಲಕ್ಷಕ್ಕೆ ಬಂದು ನಿಂತಿದ್ದ ಮಲೇರಿಯ ಪ್ರಕರಣಗಳು, 1976ರ ವೇಳೆಗೆ 64 ಲಕ್ಷವನ್ನು ಮೀರಿದುವು. ಅಲಕ್ಷ್ಯ ಮಾಡುವಂತಿಲ್ಲ.

“ಡಾಕ್ಟರೇ, ಎರಡನೆಯ ಪರದೆ ಕೊಂಡರೂ ಹೊಲದಲ್ಲಿ ಅದನ್ನು ಕಟ್ಟುವುದೆಲ್ಲಿ? ನಾಲ್ಕು ಗೂಟ ಬೇಕು, ಮಂಚ ಬೇಕು” ಎಂದು ತಪಾಸಣೆಗೆ ಬಂದ ಗರ್ಭಿಣಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನೆಲದ ಮೇಲೆ ಹಾಸಿಕೊಂಡರೆ ಪರದೆಯ ಅಂಚನ್ನು ಸಿಕ್ಕಿಸಲು ಆಧಾರವಿರುವುದಿಲ್ಲ. ಇದಕ್ಕೆ ಪರಿಹಾರವು ನಮ್ಮ ಮನೆಗಳ ಜಂತೆಯಲ್ಲಿಯೇ ತೂಗುತ್ತಿದೆ. ಕೂಸಿಗೆ ಕಟ್ಟುವ ಬಟ್ಟೆಯ ಜೋಲಿಯನ್ನು ದೊಡ್ಡವರ ಅಳತೆಗೆ ಹೊಲಿದು, ಅದಕ್ಕೇ ಪರದೆಯನ್ನು ಕೂಡಿಸಿದರೆ, ಎರಡು ಮರಗಳ ನಡುವೆ ಕಟ್ಟಿ ಮಲಗಬಹುದು. ಬೆಳಗಾದ ಮೇಲೆ ಸುತ್ತಿ ಚೀಲದಲ್ಲಿಡಬಹುದು. ಇದು ಹೊಸ ಕಲ್ಪನೆಯೇನಲ್ಲ. 1492ರಲ್ಲಿ ಕೊಲಂಬಸನು ಅಮೆರಿಕ ಖಂಡದ ದ್ವೀಪಗಳಿಗೆ ಹೋದಾಗ ಅಲ್ಲಿಯ ಜನರು ಹತ್ತಿಯ ಜೋಲಿಗಳಲ್ಲಿ ಮಲಗುವುದನ್ನು ಕಂಡನು. ವಿಯೆಟ್ನಾಂ ದೇಶದ ನಿನ್ ಥುವಾನ್ ಪ್ರಾಂತದಲ್ಲಿ ಕಾಡು ಮತ್ತು ಹೊಲಗಳಲ್ಲಿ ರಾತ್ರಿ ಕಳೆಯುವವರಿಗೆ 2004ರ ನಂತರ ಕೀಟನಾಶಕ ಲೇಪಿತ ಪರದೆಯುಳ್ಳ ಜೋಲಿಗಳನ್ನು ಹಂಚಿ ಪರೀಕ್ಷಿಸಿದಾಗ, ಅವನ್ನು ಕೊಡದ ಹಳ್ಳಿಗಳಿಗಿಂತ ಅಲ್ಲಿ ಮಲೇರಿಯ ಹೆಚ್ಚು ಇಳಿಯಿತು. ನಮ್ಮಲ್ಲಿಯೂ ಹೊಲಿಗೆ ಯಂತ್ರವಿರುವ ಯಾವ ಮನೆಯಲ್ಲಾದರೂ ಎರಡು ಮಧ್ಯಾಹ್ನಗಳಲ್ಲಿ ಇದನ್ನು ಸಿದ್ಧಪಡಿಸಬಹುದು. ಹೊಲಿಗೆಯು ಹೆಂಗಸರ ಕೆಲಸವೆಂದು ಗಂಡಸರು ದೂರ ಕುಳಿತಿರಬೇಕಾಗಿಲ್ಲ. ದಪ್ಪ ಬಟ್ಟೆಯನ್ನು ಯಂತ್ರದಡಿ ನೂಕಲು ಎರಡು ಜೊತೆ ಕೈಗಳು ಬೇಕೇ ಬೇಕು.

ಬಟ್ಟೆಯ ಆಯ್ಕೆ

ಜೋಲಿಯಲ್ಲಿ ಮಲಗಿದಾಗ ಬಟ್ಟೆಯು ಬೆನ್ನಿಗೆ, ತೊಡೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬಟ್ಟೆ ತೆಳುವಾಗಿದ್ದರೆ ಸೊಳ್ಳೆಯು ಕೆಳಗಿನಿಂದ, ಬಟ್ಟೆಯ ಮೂಲಕವೇ ಕಚ್ಚುತ್ತದೆ. ಹಳೆಯ ಸೀರೆಯ ಜೋಲಿಗೆ ಮೇಲೆ ಎಷ್ಟು ಒಳ್ಳೆಯ ಪರದೆ ಹಾಕಿದರೂ ಪ್ರಯೋಜನವಾಗದಿರಲು ಇದೇ ಕಾರಣ. ಹಳೆಯ ಸೀರೆಯು ದೊಡ್ಡವರ ಭಾರವನ್ನೂ ತಡೆಯಲಾರದು. ಆದ್ದರಿಂದ ದಪ್ಪ, ಒತ್ತಾದ ನೇಯ್ಗೆಯ ಹತ್ತಿಯ ಬಟ್ಟೆಯನ್ನು, ಕಾಡಾ ಅಥವಾ ಡ್ರಿಲ್ ಬಟ್ಟೆಯನ್ನು, ಎರಡು ಪದರವಾಗಿ ಬಳಸಬೇಕು. ಎರಡು ಪದರಗಳ ನಡುವೆ ಕಂಬಳಿ ಅಥವಾ ಹಳೆಯ ಕೌದಿಯನ್ನು ತೂರಿಸಲು ಎಡೆಯಿದ್ದರೆ ಇನ್ನೂ ಒಳ್ಳೆಯದು. ಸೊಳ್ಳೆಯ ಸೂಜಿ ಅಷ್ಟು ದೂರ ತಲುಪುವುದಿಲ್ಲ. ಮಾಗಿಯ ಚಳಿಯಲ್ಲಿ ಬೆನ್ನೂ ಬೆಚ್ಚಗಿರುತ್ತದೆ.

ಬೇಕಾಗುವ ಸಾಮಗ್ರಿ ಇಷ್ಟು: 150 ಸೆಂ.ಮೀ. ಅಗಲದ ಬಟ್ಟೆ ಆರೂವರೆ ಮೀಟರ್. ಪರದೆಯ ಬಲೆಬಟ್ಟೆ 3 ಮೀಟರ್ 25 ಸೆಂ.ಮೀ. ಉದ್ದ, 1 ಮೀಟರ್ 60 ಸೆಂ.ಮೀ. ಅಗಲ, ಹಾಸಿಗೆಯ ಗವಸಿಗೆ ಹಚ್ಚುವಂಥ ಉದ್ದನೆಯ ಜಿಪ್ ಒಂದೂವರೆ ಮೀಟರ್, ಬೆರಳು ದಪ್ಪದ ಹೊಸ ನೈಲಾನ್ ಹಗ್ಗ ಸುಮಾರು 8 ಮೀಟರ್, ತೆಳುವಾದ ಗಟ್ಟಿ ದಾರ 4 ಮೀಟರ್, ಪಾಲಿಯೆಸ್ಟರ್ ಹೊಲಿಗೆ ನೂಲು. ಬಾವಿಯಲ್ಲಿ ಬಳಸಿ ಸವೆದ ಹಗ್ಗ, ಹಳೆಯ ತೆಂಗಿನ ನಾರಿನ ಹಗ್ಗ ಇವು ಖಂಡಿತ ಬೇಡ. ಬಲೆಬಟ್ಟೆಯನ್ನು ಕೊಳ್ಳುವಾಗ ಒಂದು ಚದರ ಅಂಗುಲದಲ್ಲಿ 156 ಕಣ್ಣುಗಳಿರುವುದನ್ನು ಕೇಳಿರಿ. ಅದಕ್ಕಿಂತ ದೊಡ್ಡ ಕಣ್ಣಾದರೆ ಸೊಳ್ಳೆ ನುಸುಳುತ್ತದೆ. ತೀರ ಸಣ್ಣ ಕಣ್ಣಾದರೆ ಗಾಳಿಯಾಡದೆ ಸೆಕೆಯಾಗಿ, ಮಲಗಿದವನು ನಡುರಾತ್ರಿ ಪರದೆಯನ್ನು ಕಿತ್ತೆಸೆಯುತ್ತಾನೆ. ಆರೋಗ್ಯ ಇಲಾಖೆಯು ಉಚಿತವಾಗಿ ಕೊಟ್ಟಿರುವ ಔಷಧಿ ಲೇಪಿತ ಪರದೆಯನ್ನು ಮಾತ್ರ ಇದಕ್ಕಾಗಿ ಕತ್ತರಿಸಬೇಡಿ. ಅದು ತಾಯಿ ಮಕ್ಕಳದು.

ಹಾಸು ಹೊಲಿಯುವ ವಿಧಾನ

ಆರೂವರೆ ಮೀಟರ್ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಿ. ಹೊಸ ಹತ್ತಿ ಬಟ್ಟೆಯು ಕುಗ್ಗುತ್ತದೆ. ಅನಂತರ ಉದ್ದದ ಮಧ್ಯಕ್ಕೆ ಮಡಿಸಿದರೆ ಸುಮಾರು ಮೂರು ಕಾಲು ಮೀಟರ್ ಉದ್ದದ ಎರಡು ಪದರ ದೊರೆಯುತ್ತದೆ. ಒಂದು ಪಕ್ಕದ ಅಂಚುಗಳನ್ನು ಒಳಮಡಿಚಿ ಪೂರ್ತಿಯಾಗಿ ಹೊಲಿಯಿರಿ. ಇನ್ನೊಂದು ಪಕ್ಕದಲ್ಲಿ ನಡುವೆ 60 ಸೆಂ.ಮೀ. ಬಾಯಿ ಬಿಟ್ಟು ಉಳಿದುದನ್ನು ಹೊಲಿಯಿರಿ; ಕಂಬಳಿಯನ್ನು ತೂರಿಸುವ ಬಾಯಿ ಇದು.

ಇನ್ನು ಎರಡು ತುದಿಗಳು. ಇಡೀ ಮನುಷ್ಯನ ಭಾರವನ್ನು ಹೊರುವವು ಇವೇ ಆದ್ದರಿಂದ ಇಲ್ಲಿ ಅವಸರ ಕೂಡದು. ಪಾಯಿಜಾಮಕ್ಕೆ ಲಾಡಿ ತೂರಿಸಲು ಮಡಿಕೆ ಹೊಲಿಯುವುದಿಲ್ಲವೆ, ಅದೇ ರೀತಿಯಲ್ಲಿ ಪ್ರತಿ ತುದಿಯಲ್ಲಿಯೂ 5 ಸೆಂ.ಮೀ. ಅಗಲದ ಕೊಳವೆಯಂಥ ಮಡಿಕೆ ಮಾಡಬೇಕು. ಬಟ್ಟೆ ಮಡಿಸಿದ ಕಡೆ ಈ ಕೆಲಸ ಸುಲಭ. ತೆರೆದ ತುದಿಯಲ್ಲಿ ಎರಡೂ ಪದರಗಳ ಅಂಚನ್ನು ಕೂಡಿಸಿ ಒಳಕ್ಕೆ ಎರಡು ಸಲ ಮಡಿಚಿರಿ. ಈ ಮಡಿಕೆಯ ಮೇಲೆ ಒಂದರ ಪಕ್ಕದಲ್ಲೊಂದು ಮೂರು ಸಾಲು ಹೊಲಿಗೆ ಬೀಳಬೇಕು. ಪ್ರತಿ ಸಾಲಿನ ಮೊದಲಲ್ಲಿಯೂ ಕೊನೆಯಲ್ಲಿಯೂ ಎರಡು ಅಂಗುಲದಷ್ಟು ಹಿಂದಕ್ಕೆ ಹೊಲಿದು ಭದ್ರಪಡಿಸಿರಿ. ಯಂತ್ರವಿಲ್ಲದೆ ಕೈಯಲ್ಲಿ ಹೊಲಿಯುವುದಾದರೆ ನೂಲನ್ನು ಎರಡೆಳೆಯಾಗಿ ಮಾಡಿ, ಪ್ರತಿ ಹೊಲಿಗೆಯನ್ನೂ ಹಿಂದಕ್ಕೆ ಮರಳಿಸಿ ಮುಂದಕ್ಕೆ ಹೋಗಬೇಕು. ಎಲ್ಲವೂ ಮುಗಿದಾಗ ಹಾಸಿನ ಉದ್ದವು ಸುಮಾರು 3 ಮೀಟರ್ 10 ಸೆಂ.ಮೀ. ಉಳಿಯುತ್ತದೆ. ಇಷ್ಟೊಂದು ಉದ್ದವೇಕೆ ಎನ್ನಬೇಡಿ. ಉದ್ದ ಸಾಲದ ಜೋಲಿಯಲ್ಲಿ ಮಲಗಿದವನು ಬಾಳೆಹಣ್ಣಿನಂತೆ ಬಾಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳಬೇಕಾಗುತ್ತದೆ.

ಪರದೆಯನ್ನು ಕೂಡಿಸುವುದು

ಬಲೆಬಟ್ಟೆಯನ್ನು ನೇರವಾಗಿ ಹಾಸಿಗೆ ಹಚ್ಚಿ ಹೊಲಿದರೆ ಹೊಲಿಗೆಯ ಗುಂಟ ಹರಿಯುತ್ತದೆ. ಮೊದಲು ಬಲೆಯ ಎರಡೂ ಉದ್ದ ಅಂಚುಗಳಿಗೆ ನಾಲ್ಕು ಬೆರಳಗಲದ ಬಟ್ಟೆಯ ಪಟ್ಟಿಯನ್ನು ಮಡಿಚಿ, ಬಲೆಯು ಪಟ್ಟಿಯ ಒಳಗೆ ಸಿಕ್ಕುವಂತೆ ಹೊಲಿಯಿರಿ. ಬಳಿಕ ಒಂದು ಅಂಚಿನ ಪಟ್ಟಿಯನ್ನು ಹಾಸಿನ ಒಂದು ಪಕ್ಕಕ್ಕೆ ತುದಿಯಿಂದ ತುದಿಗೆ ಕೂಡಿಸಿರಿ. ಕಂಬಳಿ ತೂರಿಸುವ ಬಾಯಿಯಿರುವ ಪಕ್ಕದಲ್ಲಿ ಪಟ್ಟಿಯನ್ನು ಮೇಲಿನ ಪದರಕ್ಕೆ ಮಾತ್ರ ಸೇರಿಸಿ ಹೊಲಿಯಬೇಕು, ಇಲ್ಲವಾದರೆ ಬಾಯಿ ಮುಚ್ಚಿಹೋಗುತ್ತದೆ. ಎದುರು ಪಕ್ಕದ ನಡುಭಾಗದಲ್ಲಿ ಒಂದೂವರೆ ಮೀಟರ್ ಜಿಪ್ ಕೂಡಿಸಿ, ಅದರ ಎರಡೂ ಕಡೆ ಉಳಿಯುವ ಭಾಗವನ್ನು ಹೊಲಿದು ಮುಚ್ಚಿರಿ. ಗುಂಡಿಗಳನ್ನು ಹಚ್ಚಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಸಾಲದು. ಎರಡು ಗುಂಡಿಗಳ ನಡುವಿನ ಎಡೆಯು ಸೊಳ್ಳೆಗೆ ಹೆಬ್ಬಾಗಿಲು. ಜಿಪ್ ದೊರೆಯದಿದ್ದರೆ ಆ ಪಕ್ಕದಲ್ಲಿ ಬಲೆಯ ಅಂಚಿಗೆ ಎರಡು ಗೇಣು ಅಗಲದ ದಪ್ಪ ಬಟ್ಟೆಯನ್ನು ಸೆರಗಿನಂತೆ ಹೊಲಿದು, ಒಳಗೆ ಮಲಗಿದ ಮೇಲೆ ಅದನ್ನು ಮೈಯಡಿಗೆ ಸಿಕ್ಕಿಸಿಕೊಳ್ಳಬಹುದು. ಆದರೆ ಹೊರಳಾಡುವ ಅಭ್ಯಾಸವುಳ್ಳವರಿಗೆ ಜಿಪ್ಪೇ ಮೇಲು.

ಬಲೆಯ ಮಧ್ಯದ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ, ಪ್ರತಿ 40 ಸೆಂ.ಮೀ.ಗೆ ಒಂದರಂತೆ ಬಟ್ಟೆಯ ಕುಣಿಕೆಗಳನ್ನು ಹಚ್ಚಿರಿ. ತೆಳುವಾದ ದಾರವು ಈ ಕುಣಿಕೆಗಳೊಳಗೆ ಹಾದು, ಹಾಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೇಲ್ಗಡೆ ಬಿಗಿಯಾಗಿ ನಿಲ್ಲಬೇಕು. ಇದನ್ನು ಮೇಲುದಾರವೆಂದು ಕರೆಯೋಣ. ಇದರ ಉದ್ದವು ಹಾಸಿನ ಉದ್ದದ ಆರರಲ್ಲಿ ಐದು ಪಾಲು, ಅಂದರೆ ಸುಮಾರು 2 ಮೀಟರ್ 60 ಸೆಂ.ಮೀ. ಇರಬೇಕು. ಈ ದಾರವು ಎರಡು ಕೆಲಸ ಮಾಡುತ್ತದೆ: ಪರದೆಯನ್ನು ಮುಖದಿಂದ ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಮರಗಳು ಹತ್ತಿರವಿರಲಿ ದೂರವಿರಲಿ, ಜೋಲಿಯ ಬಾಗು ಪ್ರತಿ ದಿನವೂ ಒಂದೇ ಅಳತೆಯಲ್ಲಿರುವಂತೆ ನೋಡಿಕೊಳ್ಳುತ್ತದೆ. ಪರದೆಯು ಮೈಗೆ ತಾಗಿದ ಕಡೆ ಸೊಳ್ಳೆಯು ಹೊರಗೆ ಕುಳಿತೇ ಕಚ್ಚಬಲ್ಲುದು. ಆದುದರಿಂದ ತಲೆಯ ಭಾಗದಲ್ಲಿ ಬಿದಿರಿನ ನಯವಾದ ಸೀಳೊಂದನ್ನು ಅಡ್ಡಲಾಗಿ ಮೇಲುದಾರಕ್ಕೆ ಕಟ್ಟಿ, ಬಲೆಯು ಕೊಡೆಯಂತೆ ಹರಡಿರುವಂತೆ ಮಾಡಿರಿ.

ತುದಿಯ ಮಡಿಕೆಗಳಲ್ಲಿ ಹಗ್ಗವನ್ನು ತೂರಿಸಿ ಬಟ್ಟೆಯನ್ನು ನೆರಿಗೆಯಾಗಿ ಒತ್ತಿದಾಗ, ಬಲೆಯ ತುದಿಯನ್ನೂ ಅದರೊಡನೆ ಒಟ್ಟುಗೂಡಿಸಿ, ಗಟ್ಟಿ ದಾರದಿಂದ ಮೂರು ನಾಲ್ಕು ಸುತ್ತು ಬಿಗಿಯಾಗಿ ಕಟ್ಟಿಬಿಡಿ. ಬೆರಳು ತೂರುವಷ್ಟು ಸಂದೂ ಅಲ್ಲಿ ಉಳಿಯಬಾರದು.

ಕಟ್ಟುವ ಕ್ರಮ

ಸುಮಾರು 4 ಮೀಟರ್ ಅಂತರದಲ್ಲಿರುವ, ತೊಡೆಗಿಂತ ದಪ್ಪನಾದ, ಜೀವಂತವಾಗಿರುವ ಎರಡು ಮರಗಳನ್ನು ಆರಿಸಿಕೊಳ್ಳಿ. ಬೇವು, ಹುಣಿಸೆ, ಮಾವು ಆಗಬಹುದು. ಅಡಿಕೆ ಮರವು ಬಾಗುತ್ತದೆ. ತೆಂಗಿನ ಮರ ಗಟ್ಟಿಯಾದರೂ ಅದರ ಕೆಳಗೆ ಮಲಗುವುದು ಅಪಾಯ. ಕಾಯಿ, ಒಣಗಿದ ಗರಿ ಯಾವಾಗ ಬೀಳುವುದೆಂದು ಹೇಳಲಾಗದು. ಪಂಪ್‌ಹೌಸಿನ ಬಳಿ ವಿದ್ಯುತ್ ಕಂಬಕ್ಕೂ ಅದನ್ನು ಹಿಡಿದು ನಿಲ್ಲಿಸಿರುವ ತಂತಿಗೂ ಎಂದೂ ಕಟ್ಟಕೂಡದು.

ಹಗ್ಗವನ್ನು ತಂತಿಯಂತೆ ಸೆಟೆದು ಕಟ್ಟಿದರೆ ಭದ್ರವೆಂದು ಅನೇಕರು ತಿಳಿದಿರುತ್ತಾರೆ. ವಾಸ್ತವವು ಇದಕ್ಕೆ ವಿರುದ್ಧ. ಹಗ್ಗವು ನೆಲದ ಮಟ್ಟಕ್ಕೆ 30 ಡಿಗ್ರಿ ಓರೆಯಾಗಿದ್ದಾಗ, 60 ಕಿಲೋಗ್ರಾಂ ತೂಕದ ಮನುಷ್ಯ ಮಲಗಿದರೆ ಪ್ರತಿ ಕಡೆಯ ಹಗ್ಗದ ಮೇಲೂ ಸುಮಾರು 60 ಕಿಲೋಗ್ರಾಂ ಸೆಳೆತ ಬೀಳುತ್ತದೆ. ಅದೇ ಹಗ್ಗವನ್ನು ಬಿಗಿದು 10 ಡಿಗ್ರಿಗೆ ತಂದರೆ ಸೆಳೆತವು 170 ಕಿಲೋಗ್ರಾಂ ದಾಟುತ್ತದೆ. ಹೊಲಿಗೆ ಬಿಚ್ಚುವುದು, ಹಗ್ಗ ಹರಿಯುವುದು ಇಂಥ ಬಿಗಿತದಿಂದಲೇ. ಡಿಗ್ರಿಯನ್ನು ಅಳೆಯಲು ಉಪಕರಣ ಬೇಕಾಗಿಲ್ಲ: ಅಡ್ಡಕ್ಕೆ ಎರಡು ಮೊಳ ಹೋಗುವಷ್ಟರಲ್ಲಿ ಹಗ್ಗವು ಮೇಲಕ್ಕೆ ಒಂದು ಮೊಳಕ್ಕಿಂತ ತುಸು ಹೆಚ್ಚು ಏರಿದ್ದರೆ ಸರಿ. ಮರಕ್ಕೆ ಹಗ್ಗ ಸುತ್ತುವ ಎತ್ತರ ಸುಮಾರು 1 ಮೀಟರ್ 60 ಸೆಂ.ಮೀ., ಅಂದರೆ ನಿಂತವನ ಹುಬ್ಬಿನ ಮಟ್ಟ. ಮಲಗಿದಾಗ ಜೋಲಿಯ ತಳವು ಮೊಣಕಾಲೆತ್ತರದಲ್ಲಿರಬೇಕು. ಅದಕ್ಕಿಂತ ಮೇಲೆ ಕಟ್ಟಿದರೆ ಬಿದ್ದಾಗ ಪೆಟ್ಟು ಹೆಚ್ಚು.

ಮೊದಲ ಸಲ ಮನುಷ್ಯರು ಮಲಗಿ ಪರೀಕ್ಷಿಸಬೇಡಿ. ನೆಲದಿಂದ ಒಂದು ಗೇಣು ಮೇಲೆ ಕಟ್ಟಿ, ನಿಮ್ಮ ತೂಕಕ್ಕಿಂತ ಹೆಚ್ಚು ಭಾರದ ಧಾನ್ಯದ ಚೀಲವನ್ನಿಟ್ಟು ಒಂದು ಗಂಟೆ ಬಿಡಿ. ಅನಂತರ ತುದಿಯ ಮೂರು ಸಾಲು ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲಿಯಾದರೂ ಹೊಲಿಗೆಯ ತೂತುಗಳು ಉದ್ದವಾಗಿ ಎಳೆದುಕೊಂಡಿದ್ದರೆ ಆ ಬಟ್ಟೆಯು ಸಾಲದೆಂದು ತಿಳಿಯಿರಿ.

ಬಳಸುವವರಿಗೆ

ಮಧ್ಯದಲ್ಲಿ ಕುಳಿತು, ಕಾಲು ಮೇಲೆತ್ತಿಕೊಂಡು, ತಲೆ ಒಂದು ಓರೆಗೆ ಕಾಲು ಇನ್ನೊಂದು ಓರೆಗೆ ಬರುವಂತೆ ಮಲಗಿದರೆ ಬೆನ್ನು ಸಮವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮಲೇರಿಯವನ್ನು ಹರಡುವ ಮುಖ್ಯ ಸೊಳ್ಳೆಯು ಕತ್ತಲಾದ ಮೇಲೆ, ವಿಶೇಷವಾಗಿ ರಾತ್ರಿಯ ಮೊದಲ ಭಾಗದಲ್ಲಿ ಕಚ್ಚುತ್ತದೆ. ಹತ್ತು ಗಂಟೆಯವರೆಗೆ ಬದುವಿನ ಮೇಲೆ ಕುಳಿತು ಮಾತನಾಡಿ ಆಮೇಲೆ ಪರದೆಯೊಳಗೆ ಹೋದರೆ ಅರ್ಧ ಲಾಭ ಆಗಲೇ ಹೋಯಿತು. ಡೆಂಗೆ ಜ್ವರದ ಸೊಳ್ಳೆಯಾದರೋ ಹಗಲಿನಲ್ಲಿ ಕಚ್ಚುವುದರಿಂದ, ಅದಕ್ಕೆ ಈ ಜೋಲಿಯೊಂದೇ ಉತ್ತರವಾಗದು. ಪಂಪ್‌ಹೌಸಿನ ಡ್ರಮ್ಮು, ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸುವುದು ಬೇರೆಯೇ ಕೆಲಸ.

ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಕಟ್ಟು ಹಾವಿನ ಭಯವೂ ಇದರಿಂದ ಬಹಳ ಕಡಿಮೆಯಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಒಂದು ಕಾರಣಕ್ಕೇ ಇದನ್ನು ಹೊಲಿದರೂ ಶ್ರಮ ವ್ಯರ್ಥವಲ್ಲ. ಆದರೆ ಆನೆ, ಕರಡಿ, ಚಿರತೆ ಸುಳಿಯುವ ಕಾಡಂಚಿನಲ್ಲಿ ಮೊಣಕಾಲೆತ್ತರದ ಜೋಲಿ ಸಲ್ಲದು. ಅಲ್ಲಿ ಎತ್ತರದ ಅಟ್ಟಣೆಯೇ ಸರಿ, ಪರದೆಯನ್ನು ಅಟ್ಟಣೆಯ ಮೇಲೆಯೇ ಕಟ್ಟಬೇಕು. ಜೋಲಿಯೊಳಗೆ ಬೀಡಿ ಸೇದುವುದು ಪ್ರಾಣಕ್ಕೆ ಎರವು. ಬಲೆಬಟ್ಟೆಗೆ ಕಿಡಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ಮದ್ಯಪಾನ ಮಾಡಿ ಮಲಗುವವರಿಗೂ ಇದು ತಕ್ಕುದಲ್ಲ.

ಗರ್ಭಿಣಿಯರು ಇದರಲ್ಲಿ ಮಲಗಬಾರದು. ಹತ್ತಿ ಇಳಿಯುವಾಗ ತೋಲ ತಪ್ಪಿ ಬೀಳುವ ಸಂಭವವುಂಟು. ಕೂಸುಗಳನ್ನು ಇದರಲ್ಲಿ ಮಲಗಿಸುವುದಂತೂ ಕೂಡದು. ಕೂಸಿನ ಕತ್ತು ಮುಂದಕ್ಕೆ ಬಾಗಿ ಉಸಿರಿಗೆ ಅಡ್ಡಿಯಾಗಬಹುದು. ಕೂಸಿಗೆ ಸಮತಟ್ಟಾದ, ಬಿಗಿಯಾದ ಹಾಸಿಗೆಯ ಮೇಲೆ, ಮನೆಯ ಪರದೆಯೊಳಗೆ, ಅಂಗಾತ ಮಲಗುವುದೇ ಕ್ಷೇಮ. ಹಗಲಿನಲ್ಲಿ ಜೋಲಿಯನ್ನು ಬಿಚ್ಚಿಡಿ. ಆಡುವ ಮಕ್ಕಳು ಅದನ್ನು ತಿರುಚಿ ತೂಗಿಕೊಳ್ಳುವಾಗ ಬಟ್ಟೆ ಅಥವಾ ದಾರವು ಕತ್ತಿಗೆ ಸುತ್ತಿಕೊಂಡು ಅನಾಹುತವಾಗುವುದುಂಟು.

ಪರದೆಗೆ ತೂತು ಬಿದ್ದರೆ ಆ ದಿನವೇ ತೇಪೆ ಹಾಕಿರಿ. ಮಳೆಗಾಲದಲ್ಲಿ ಮೇಲೆ ತಾಡಪಾಲು ಕಟ್ಟುವುದರ ಜೊತೆಗೆ ಎರಡೂ ಕಡೆಯ ಹಗ್ಗಕ್ಕೆ ಬಟ್ಟೆಯ ಚೂರೊಂದನ್ನು ಕಟ್ಟಿ ಇಳಿಬಿಡಿ. ಹಗ್ಗ ಹಿಡಿದು ಬರುವ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ, ಹಾಸು ನೆನೆಯುವುದಿಲ್ಲ. ನೈಲಾನ್ ಹಗ್ಗವು ಬಿಸಿಲಿಗೆ ಸೊರಗುತ್ತದಾದ್ದರಿಂದ ಆಗಾಗ್ಗೆ ನೋಡಿ ಬದಲಿಸಬೇಕು. ಮನೆಯ ಔಷಧಿ ಲೇಪಿತ ಪರದೆಯನ್ನು ಒಗೆದಾಗ ನೆರಳಲ್ಲಿ ಒಣಗಿಸಿ, ಒಗೆದ ನೀರನ್ನು ಕೆರೆಗಾಗಲಿ ಕಾಲುವೆಗಾಗಲಿ ಬಿಡಬೇಡಿ, ಮೀನುಗಳು ಸಾಯುತ್ತವೆ.

ಇಷ್ಟೆಲ್ಲ ಎಚ್ಚರವಹಿಸಿಯೂ ಯಜಮಾನನಿಗೆ ಚಳಿ ಜ್ವರ ಬಂದರೆ ಆಶಾ ಕಾರ್ಯಕರ್ತೆಯರಲ್ಲಿಯೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಅಂದೇ ರಕ್ತ ಪರೀಕ್ಷೆ ಮಾಡಿಸಿರಿ. ಪರೀಕ್ಷೆಯೂ ಔಷಧಿಯೂ ಉಚಿತ. ವೈವಾಕ್ಸ್ ಮಲೇರಿಯವೆಂದು ಗೊತ್ತಾದರೆ 3 ದಿನ ಕ್ಲೋರೋಕ್ವಿನ್ ಮತ್ತು 14 ದಿನ ಪ್ರೈಮಾಕ್ವಿನ್ ಮಾತ್ರೆಗಳನ್ನು ಕೊಡಲಾಗುವುದು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಕೂಡಿಡುವವರುಂಟು. ಯಕೃತ್ತಿನಲ್ಲಿ ಅಡಗಿರುವ ರೋಗಾಣುಗಳು ಕೆಲವು ವಾರ ಅಥವಾ ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತವೆ. ಹಾಗೆ ಕೂಡಿಟ್ಟ ಮಾತ್ರೆಯನ್ನು ಪತ್ನಿಗೆ ಜ್ವರ ಬಂದಾಗ ಕೊಡುವುದು ಇನ್ನೂ ದೊಡ್ಡ ಅಪಾಯ. ಪ್ರೈಮಾಕ್ವಿನ್ ಮಾತ್ರೆಯನ್ನು ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಮಕ್ಕಳಿಗೂ ಕೊಡುವುದಿಲ್ಲ. ಆಕೆಗೆ ಜ್ವರ ಬಂದರೆ ಆಕೆಯ ರಕ್ತವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ತಿಂಗಳೆಷ್ಟೆಂದು ಕೇಳಿ, ಅದಕ್ಕೆ ತಕ್ಕ ಔಷಧಿಯನ್ನು ವೈದ್ಯರೇ ಕೊಡುತ್ತಾರೆ.